ಮೇಲಿನ ಸ್ವರ ಸಾಯುವ ಗಿಟಾರು

ಗಿಟಾರು ರಿಪೇರಿ ಮಾಡುವ ಅವನಿಗೆ ಬೀದಿಯವರು ಇಟ್ಟ ಹೆಸರು ‘ಒರಿಜಿನಲ್’. ಅಂಗಡಿಗೆ ಯಾವ ಗಿಟಾರು ಬಂದರೂ ಮೊದಲು ಅದರ ಸ್ಕ್ರೂಗಳನ್ನು ಇಣುಕಿ ನೋಡಿ, “ಇದು ಒರಿಜಿನಲ್ ಅಲ್ಲ” ಎಂದು ಮೂಗು ಮುರಿಯುತ್ತಿದ್ದ. ತನ್ನ ಹಲ್ಲುಗಳಲ್ಲಿ ಎರಡು ಒರಿಜಿನಲ್ ಅಲ್ಲ, ತಲೆಗೂದಲಿನ ಬಣ್ಣವಂತೂ ಖಂಡಿತ ಅಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಗೋಡೆಗೆ ತೂಗುಹಾಕಿದ್ದ ಅವನ ಸ್ವಂತ ಎಲೆಕ್ಟ್ರಿಕ್ ಗಿಟಾರು ಮಾತ್ರ ಅಡಿಯಿಂದ ಮುಡಿಯವರೆಗೆ ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು. ಅದು ವಯಸ್ಸಿನಲ್ಲಿ ಅವನಿಗಿಂತ ಹಿರಿಯದು, ಬುದ್ಧಿಯಲ್ಲಿಯೂ ಹಿರಿಯದು ಎಂದು ಹೆಂಡತಿ ಹೇಳುತ್ತಿದ್ದಳು.

ವಾರಕ್ಕೊಮ್ಮೆ ಒಂದು ಸಣ್ಣ ಸಭಾಂಗಣದಲ್ಲಿ ಇವರ ತಂಡದ ಕಾರ್ಯಕ್ರಮ. ಹೆಂಡತಿ ಹಾಡುವವಳು, ಇವನು ಮುಖ್ಯ ಗಿಟಾರು, ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ತಮ್ಮ ಜೊತೆಯ ಗಿಟಾರು. ಕೊನೆಯ ಹಾಡಿನ ತುದಿಯಲ್ಲಿ ಇವನು ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಒಂದು ಎತ್ತರದ ಸ್ವರಕ್ಕೆ ಏರುತ್ತಿದ್ದ. ಏರಿದ ಕೂಡಲೇ ಸ್ವರ ಟಕ್ಕೆಂದು ಸತ್ತುಹೋಗುತ್ತಿತ್ತು. ಅದೇ ಕ್ಷಣಕ್ಕೆ ಹೆಂಡತಿ ‘ಆ’ ಎಂದು ಎತ್ತಿಕೊಂಡು ಉಸಿರು ಇರುವಷ್ಟು ಹೊತ್ತು ಅದನ್ನು ಹಿಡಿದು ಹಾಡನ್ನು ದಡ ಸೇರಿಸುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಇವನು ಕಣ್ಣು ಮುಚ್ಚಿ ತಲೆ ಬಾಗಿಸುತ್ತಿದ್ದ. ಕಲಿಯಲು ಬಂದವರಿಗೂ ಅದನ್ನೇ ಬೋಧಿಸುತ್ತಿದ್ದ: “ಸ್ವರಾನ ಪೂರ್ತಿ ಹೇಳಬಾರದು. ಅರ್ಧಕ್ಕೆ ಬಿಟ್ಟುಬಿಡಬೇಕು. ಅದಕ್ಕೇ ಶೈಲಿ ಅನ್ನೋದು.”

ಹೀಗಿರುವಾಗ ಹೆಂಡತಿಗೆ ಎದೆಯ ಸೋಂಕು ಬಂದು ಹೋಯಿತು. ಜ್ವರ ಬಿಟ್ಟಿತು, ಉಸಿರು ಮಾತ್ರ ಮೊದಲಿನಂತೆ ಆಗಲಿಲ್ಲ. ಡಾಕ್ಟರು, ಹಾಡಿ, ಆದರೆ ಉಸಿರು ಎಳೆದು ಹಿಡಿಯುವ ಕೆಲಸ ಸದ್ಯಕ್ಕೆ ಬೇಡ ಎಂದಿದ್ದರು. ತಾಲೀಮಿನ ದಿನ ಇಡೀ ಹಾಡನ್ನು ಸಲೀಸಾಗಿ ಹಾಡಿದವಳು ತುದಿಯ ‘ಆ’ ಬಂದಾಗ ಅರ್ಧದಲ್ಲೇ ಕೆಮ್ಮುತ್ತ ಕುರ್ಚಿ ಹಿಡಿದು ಕೂತಳು.

“ಭಾವ, ಆ ಸ್ವರ ನೀವೇ ಎಳೆದು ಹಿಡಿಯಿರಿ. ಅಕ್ಕನಿಗೆ ಆಗಲ್ಲ,” ಎಂದ ತಮ್ಮ.

“ಅಲ್ಲಿ ಸ್ವರ ಎಳೆಯಬಾರದು ಕಣಯ್ಯ. ಅದು ಶೈಲಿ.”

“ಶೈಲಿಯಲ್ಲ ಭಾವ. ನಿಮ್ಮ ಗಿಟಾರಿಗೆ ಅದು ಬರಲ್ಲ.”

ಇವನಿಗೆ ಮೈಯೆಲ್ಲ ಉರಿದುಹೋಯಿತು. ಆ ಹಾಡನ್ನೇ ಬಿಟ್ಟುಬಿಡೋಣ ಎಂದ. ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡು, “ಅದನ್ನ ಬಿಟ್ಟು ಹಾಡೋದಾದ್ರೆ ನಾನು ಮನೇಲೇ ಇರ್ತೀನಿ. ಬೇರೆ ಯಾರನ್ನಾದರೂ ನೋಡಿಕೊಳ್ಳಿ,” ಎಂದಳು. ದನಿ ಏರಿಸದೆ ಹೇಳಿದಳು. ಅವಳು ದನಿ ಏರಿಸದೆ ಹೇಳಿದ ಮಾತು ಇದುವರೆಗೆ ಬದಲಾಗಿರಲಿಲ್ಲ. ಇವನಿಗೆ ಭಯವಾಯಿತು. ಆದರೂ ಜಂಭ ಎಲ್ಲಿಗೆ ಹೋದೀತು, ನಾಳೆ ಎರಡೂ ಗಿಟಾರು ಪಕ್ಕಪಕ್ಕ ಇಟ್ಟು ನೋಡೇಬಿಡೋಣ ಎಂದು ಸವಾಲು ಹಾಕಿದ.

ಮರುದಿನ ಅಂಗಡಿಯಲ್ಲಿ ಪರೀಕ್ಷೆ. ಹೆಂಡತಿಯ ತಮ್ಮ ತಂದದ್ದು ಅದೇ ಆಕಾರದ, ಆದರೆ ಎಷ್ಟೋ ವರ್ಷ ಆಮೇಲೆ ತಯಾರಾದ ಗಿಟಾರು. ಹೆಂಡತಿ ಒಳಕೋಣೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಇವನು ಉಪನ್ಯಾಸ ಶುರುಮಾಡಿದ. ಹಳೆಯದರ ಕತ್ತು ದಪ್ಪ, ಅಂಗೈ ತುಂಬುತ್ತದೆ, ಹೆಬ್ಬೆರಳು ಹಾಯಾಗಿ ಮೇಲೆ ಕೂರುತ್ತದೆ. ಬೆರಳಿಡುವ ಹಲಗೆ ನಡುವೆ ಉಬ್ಬಿ ಎರಡೂ ಕಡೆ ಇಳಿದಿರುವುದರಿಂದ ಒಟ್ಟಿಗೆ ನಾಲ್ಕಾರು ತಂತಿ ಒತ್ತುವಾಗ ಬೆರಳುಗಳು ತಾವಾಗಿಯೇ ಬಾಗಿ ಜಾಗ ಹಿಡಿಯುತ್ತವೆ. “ಈಗಿನದು ನೋಡು, ಕತ್ತು ಸಣಕಲು, ಹಲಗೆ ಚಪ್ಪಟೆ. ಇಸ್ತ್ರಿ ಮೇಜಿನ ಮೇಲೆ ಬೆರಳಿಟ್ಟ ಹಾಗಾಗುತ್ತೆ,” ಎಂದು ಎರಡರಲ್ಲೂ ಒಂದೇ ತಾಳ ಬಾರಿಸಿ ತೋರಿಸಿದ. ಹಳೆಯದು ನಿಜಕ್ಕೂ ಗೆದ್ದಿತು. ತಮ್ಮನೂ ಒಪ್ಪಿಕೊಂಡ.

“ಈಗ ಆ ಮೇಲಿನ ಸ್ವರ ಬಾರಿಸಿ.”

ಹಳೆಯದರಲ್ಲಿ ತಂತಿ ತಳ್ಳಿದ. ತಂತಿ ಉಬ್ಬನ್ನು ಹತ್ತಿ, ಹಲಗೆಗೆ ಅಡ್ಡಡ್ಡ ಕೂರಿಸಿದ್ದ ಮುಂದಿನ ಲೋಹದ ಪಟ್ಟಿಗಳಿಗೆ ತಾಗಿತು, ಸ್ವರ ಟಕ್ಕೆಂದು ಸತ್ತಿತು. ಒಳಗಿನಿಂದ ‘ಆ’ ಎಂದು ಹೆಂಡತಿಯ ದನಿ ಎದ್ದು, ಕೆಮ್ಮಾಗಿ ಮುರಿಯಿತು. ಆಮೇಲೆ ತಮ್ಮನ ಗಿಟಾರು ತೆಗೆದುಕೊಂಡು ಅದೇ ಜಾಗದಲ್ಲಿ ತಳ್ಳಿದ. ಚಪ್ಪಟೆ ಹಲಗೆಯ ಮೇಲೆ ತಂತಿ ಎಲ್ಲಿಯೂ ತಾಗದೆ ಜಾರಿತು. ಸ್ವರ ಮೇಲೇರಿ ನಿಂತಿತು, ನಿಂತೇ ಇತ್ತು. ಒಳಗೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಆದರೆ ದನಿ ಬರಲಿಲ್ಲ.

ಹೆಂಡತಿ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದಳು. “ಯಾಕೆ, ಸ್ವರ ಸಾಯಲಿಲ್ವಾ?”

ಇವನು ಗಿಟಾರು ಕೆಳಗಿಟ್ಟ. “ಅಂದ್ರೆ ಇಷ್ಟು ವರ್ಷ ನೀನು...”

“ಮತ್ತಿನ್ನೇನು? ಹಳ್ಳ ಬಿದ್ದ ಕಡೆ ಯಾರಾದರೂ ಮುಚ್ಚಬೇಕಲ್ಲ. ಹೇಳಿದ್ರೆ ಒಂದು ವಾರ ಊಟ ಬಿಡ್ತಿದ್ರಿ,” ಎಂದು ಲೋಟ ಕೈಗಿಟ್ಟಳು.

ಇವನು ಪೆಚ್ಚಾಗಿ ಕೂತ. ಎಂಥಾ ಪೆದ್ದ ನಾನು ಎಂದು ತನಗೆ ತಾನೇ ಬೈದುಕೊಂಡ. ಉಬ್ಬಿದ ಹಲಗೆಯಲ್ಲಿ ತಳ್ಳಿದ ತಂತಿ ಸಾಯುತ್ತದೆ ಎಂದು ಗಿರಾಕಿಗಳಿಗೆ ಹೇಳಿ, ಅವರ ಹಲಗೆ ಉಜ್ಜಿ ಕೊಡುವುದೇ ಅವನ ಹೊಟ್ಟೆಪಾಡು. ಬೇರೆಯವರ ಗಿಟಾರಿನಲ್ಲಾದರೆ ರೋಗ, ತನ್ನದರಲ್ಲಾದರೆ ಶೈಲಿ. ಅವಳ ಎದೆಯ ಉಸಿರನ್ನು ಕಡ ತಂದು ತನ್ನ ಹೆಸರು ಮಾಡಿಕೊಂಡಿದ್ದಕ್ಕೆ ಅವನಿಗೆ ತುಂಬ ನಾಚಿಕೆಯಾಯಿತು.

“ನಂದೇ ತಗೊಳ್ಳಿ ಭಾವ,” ಎಂದ ತಮ್ಮ. ಅಣಕವಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಪ್ರಯತ್ನಿಸಿದ. ದಪ್ಪ ಕತ್ತಿಗೆ ಒಗ್ಗಿದ ಅಂಗೈ ಸಣ್ಣ ಕತ್ತಿನ ಮೇಲೆ ಅರ್ಧ ಹಾಡಿಗೇ ಜೋಮು ಹಿಡಿಯಿತು. ಇನ್ನುಳಿದದ್ದು ಒಂದೇ ದಾರಿ.

ತನ್ನ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಲೋಹದ ಪಟ್ಟಿಗಳನ್ನು ಒಂದೊಂದಾಗಿ ಕಿತ್ತ. ಮರಳು ಕಾಗದ ಕೈಗೆತ್ತಿಕೊಂಡ. ಬೇರೆ ಯಾರಾದರೂ ಇಂಥ ಗಿಟಾರಿಗೆ ಹೀಗೆ ಮಾಡಿದ್ದರೆ ಇವನು ಬೀದಿಗೆಲ್ಲ ಡಂಗುರ ಸಾರುತ್ತಿದ್ದ. ಮೊದಲ ಸಲ ಕಣ್ಣು ಮುಚ್ಚಿಕೊಂಡೇ ಉಜ್ಜಿದ. ಆಮೇಲೆ ಕೆಲಸ ಗೊತ್ತಿದ್ದ ಕೈ ತನ್ನ ಪಾಡಿಗೆ ತಾನು ಸಾಗಿತು. ಮೇಲಿನ ಸ್ವರಗಳು ಬರುವ ತುದಿಯಲ್ಲಿ ಉಬ್ಬು ಇಳಿದು ಹಲಗೆ ಸಮವಾಯಿತು, ತಾಳ ಬಾರಿಸುವ ಇನ್ನೊಂದು ಕಡೆ ಹಾಗೇ ಬಿಟ್ಟ. ಹೊಸ ಪಟ್ಟಿ ಬಡಿದು ತಂತಿ ಕಟ್ಟಿದ. ಸ್ವರ ಸಾಯಲಿಲ್ಲ.

ಕಾರ್ಯಕ್ರಮದ ದಿನ ಕೊನೆಯ ಹಾಡಿನ ತುದಿಗೆ ಬಂದಾಗ ತಂತಿ ತಳ್ಳಿದ. ಸ್ವರ ಏರಿ ಸಭಾಂಗಣದ ತುಂಬ ನಿಂತಿತು. ಹೆಂಡತಿ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಆಮೇಲೆ ಕೊನೆಯ ಸಾಲನ್ನು ಮೆಲ್ಲಗೆ, ಕೆಮ್ಮದೆ ಹಾಡಿ ಮುಗಿಸಿದಳು. ಚಪ್ಪಾಳೆ ಎಂದಿನಷ್ಟು ಜೋರಾಗಿರಲಿಲ್ಲ.

ಪ್ರತಿ ವಾರ ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ಹಿರಿಯರು ವೇದಿಕೆಯ ಬಳಿ ಬಂದರು. “ಗಿಟಾರು ಪರವಾಗಿಲ್ಲ. ಆದ್ರೆ ಅಮ್ಮಾವರು ಆ ಜಾಗದಲ್ಲಿ ಎತ್ತುತ್ತಿದ್ರಲ್ಲ, ಇವತ್ತು ಯಾಕಿಲ್ಲ? ನಾವೆಲ್ಲ ಬರೋದೇ ಅದಕ್ಕೆ.”

ಇವನು ಅಳಬೇಕೋ ನಗಬೇಕೋ ತಿಳಿಯದೆ ನಕ್ಕುಬಿಟ್ಟ. “ನಾನೂ ಅದಕ್ಕೇ ಬರ್ತಿದ್ದೆ ಸ್ವಾಮಿ. ನನಗೆ ಗೊತ್ತಿರಲಿಲ್ಲ, ಅಷ್ಟೆ,” ಎಂದ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಹೆಂಡತಿ ನೀರು ಕುಡಿಯುತ್ತ ಕೂತಿದ್ದಳು. ಮುಖದಲ್ಲಿ ದಣಿವಿರಲಿಲ್ಲ. ಮುಂದಿನ ವಾರವೂ ಬರುತ್ತೇನೆ ಎಂದಳು. ಆಮೇಲೆ, “ಅಲ್ರೀ, ಈ ಹಾಡಲ್ಲಿ ನೀವು ಬಾರಿಸೋದನ್ನ ನಾನು ಕೊನೇತನಕ ಕೇಳಿದ್ದು ಇವತ್ತೇ. ಆ ಜಾಗ ಬರೋ ಹೊತ್ತಿಗೆ ಯಾವಾಗಲೂ ಉಸಿರು ಕಟ್ಟಿಕೊಂಡು ಕಾಯ್ತಾ ಇರ್ತಿದ್ದೆ,” ಎಂದಳು.

“ಹೇಗಿತ್ತು?”

ಅವಳು ಲೋಟ ಕೆಳಗಿಟ್ಟಳು.

“ಶ್ರುತಿ ಒಂಚೂರು ಕೆಳಗಿತ್ತು,” ಎಂದಳು. “ಮುಂದಿನ ವಾರ ಇನ್ನೊಂಚೂರು ತಳ್ಳಿ.”