ಏಳು ಗಂಟೆಯ ಹಕ್ಕಿ

ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋಯಿತಂತೆ. ಕಟಕೋಳದಲ್ಲಿ ಹೂವಿನ ಜೊತೆ ಪರಶು ಕಂಟಿಯೊಳಗೆ ಹೋದ. ಗಾದೆ ಸುಳ್ಳಾದರೂ ಈ ಕತೆ ಖರೇ.

ಕಿಟಕಿಯ ಕೆಳಗೆ, ಕೆಂಪು ಕೊಳವೆ ಹೂವಿನ ಕಂಟಿಯಲ್ಲಿ, ಎಪ್ಪತ್ತು ದಾಟಿದ ಪರಶು ಮೊಣಕಾಲೂರಿ ತುಟಿ ಚೂಪು ಮಾಡುತ್ತಿದ್ದ. ಹತ್ತು ಹೆಜ್ಜೆ ಆಚೆ, ಅಂಗಳದ ಬಿದಿರು ವಿಮಾನದಲ್ಲಿ, ಅವನ ಗೆಳೆಯ ಬಸಲಿಂಗಪ್ಪ ವಿಭೂತಿ ಹಚ್ಚಿಸಿಕೊಂಡು, ರುಮಾಲು ಸುತ್ತಿಸಿಕೊಂಡು, ತೀರಿಹೋಗಿ ಕುಳಿತಿದ್ದ.

"ಏಳಾಗಾಕ ಬಂತ್ರಿ, ಕಾಕಾ," ಬಸಲಿಂಗಪ್ಪನ ಸೊಸೆ ಉಮಾಶ್ರೀ ಪಿಸುಗುಟ್ಟಿದಳು. "ಅತ್ತಿ ಆಗ್ಲೇ ಕಿಟಕಿ ಕಡೆ ಮಾರಿ ಮಾಡ್ಯಾರ."

"ತುಟಿ ಕೂಡವಲ್ದವ್ವಾ. ಅಳೂ ಬಾಯಿಲೆ ಸೀಟಿ ಹೆಂಗ ಹೊಡೀಲಿ?"

"ಇವತ್ತ ಹಕ್ಕಿ ಕೂಗಲಿಲ್ಲಂದ್ರ, ಇಷ್ಟ ದಿನ ಕೂಗಿದ್ದು ಮಾವನವರೇ ಅಂತ ತಿಳೀತದ. ಒಂದೇ ದಿನ ಗಂಡನ್ನೂ ಹಕ್ಕೀನೂ ಎರಡೂ ಕಳಕೋಬೇಕೇನ್ರಿ ಅವರು?"

\*

ಮೂರು ವರ್ಷದ ಹಿಂದೆ ಬಸಲಿಂಗಪ್ಪನ ಹೆಂಡತಿ ಕೆಂಚವ್ವನ ಸೊಂಟ ಮುರಿದು ಮಂಚವೇ ಊರಾಯಿತು, ಕಿಟಕಿಯೇ ಅಗಸಿ ಬಾಗಿಲು. ಒಂದು ದಿನ ಮೊಬೈಲಿನಲ್ಲಿ ಹಿಂದಕ್ಕೆ ಹಾರುವ ಹೆಬ್ಬೆರಳಿನಷ್ಟು ಹಕ್ಕಿ ಕಂಡು, "ಇದು ನಮ್ಮ ಕಡೆ ಬರತೈತೇನ್ರಿ?" ಎಂದಳು.

"ಹೂವು ಚಲೋ ಇದ್ರ ಯಾಕ ಬರೂದಿಲ್ಲ?" ಎಂದ ಬಸಲಿಂಗಪ್ಪ.

ಚೆಂಡು ಹೂ ಹಚ್ಚಿದ, ಜೇನುನೊಣ ಬಂದವು. ಮುದ್ದೆ ದಾಸವಾಳ ಹಚ್ಚಿದ; ಆಡು ಬಂದವು. ಬೈಲಹೊಂಗಲದ ಸಸಿ ಮಾರುವವನು ನಕ್ಕ: "ಆ ಹಕ್ಕಿ ನಮ್ಮ ದೇಶದಾಗ ಇಲ್ರಿ ಯಜಮಾನ್ರ. ಈ ಕೊಳವಿ ಹೂ ಒಯ್ರಿ, ಹೂವಿನ ರಸ ಹೀರೂ ನಮ್ಮ ಸೂರಕ್ಕಿ ಬಂದೀತು."

ಹೂ ಬಂತು. ಸೂರಕ್ಕಿ ಬರಲಿಲ್ಲ. ಕೆಂಚವ್ವ ಗೋಡೆಯ ಕಡೆ ಮಗ್ಗುಲಾದಳು. ಮರುದಿನ ಮುಂಜಾನೆ ಏಳಕ್ಕೆ ಬಸಲಿಂಗಪ್ಪ ಕಂಟಿಯಲ್ಲಿ ಕುಕ್ಕರಿಸಿ ಸೀಟಿ ಹಾಕಿದ. ಕೋಳಿ, ಕತ್ತೆ, ಕಂದಾಯದ ತಲಾಠಿ, ಎಲ್ಲರ ದನಿಯೂ ಬರುತ್ತಿದ್ದ ಗಂಟಲದು.

"ಬಂತ್ರೀ!" ಎಂದು ಒಳಗಿನಿಂದ ಕೂಗು.

ಅಲ್ಲಿಗೆ ದಿನಾ ಏಳರ ಪಾಳಿಗೆ ಸಿಕ್ಕಿಬಿದ್ದ. ಸವದತ್ತಿಯ ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿಯಲಿಲ್ಲ. ಜ್ವರದಲ್ಲೂ ಕಂಬಳಿ ಹೊದ್ದು ಕಂಟಿಗೆ ಹೋದ. ಮೊನ್ನೆ ಪರಶುವಿನ ಕೈ ಹಿಡಿದು, "ನಾ ಹೋದ ಮ್ಯಾಲೆ ನೀ ಹಕ್ಕಿ ಆಗಬೇಕಲೇ," ಎಂದಿದ್ದ.

\*

ಏಳು ಹೊಡೆಯಿತು. ಭಜನೆಯವರು ತಾಳ ಹಿಡಿದು ನಿಲ್ಲಿಸಿದರು. ಅಷ್ಟು ಮಂದಿಗೂ ಗುಟ್ಟು ಗೊತ್ತಿತ್ತು.

ಪರಶು ಊದಿದ. "ಫುಸ್."

ಮತ್ತೆ ಊದಿದ. "ಫುಸ್ಸ್."

"ಹಕ್ಕಿ ಪಂಕ್ಚರ್ ಆತು," ಯಾರೋ ಗೊಣಗಿದರು. ಉಮಾಶ್ರೀ ಕಣ್ಣು ಮುಚ್ಚಿಕೊಂಡಳು.

ಆಗ ಕೇಳಿತು: "ಚೀಂವಿ, ಚೀಂವಿ, ಚ್ವೀಟ್!" ಹಿಂದೆಯೇ ಎರಡು ಕೆಮ್ಮು. ಥೇಟ್ ಬಸಲಿಂಗಪ್ಪನ ಬೀಡಿ ಕೆಮ್ಮು. ಎಲ್ಲರೂ ವಿಮಾನದಲ್ಲಿ ಕುಳಿತವನ ಬಾಯಿ ನೋಡಿದರು. ಪರಶು ಕಂಟಿಯಲ್ಲೇ ಅಂಗಾತ ಬಿದ್ದ.

"ಪರಶು, ಏಳೋ, ಮೊಣಕಾಲು ಹೋದಾವು." ಸೀಟಿ ಬಂದ ಕಿಟಕಿಯೊಳಗಿಂದಲೇ ಕೆಂಚವ್ವನ ದನಿ. "ಬೀಡಿ ಸೇದೂ ಹಕ್ಕಿ ಯಾವ ದೇಶದಾಗ ಐತೋ?"

"ವೈನಿ! ನಿನಗ ಗೊತ್ತಿತ್ತ?"

"ಮೊದಲನೇ ದಿನಾನ. ಹೇಳಿದ್ರ ಅವ್ರು ಕಿಟಕೀಗೆ ಬರೂದು ಬಿಡತಿದ್ರು."

ಮೊದಲು ತಾಳದವನು ನಕ್ಕ. ಉಮಾಶ್ರೀ ಸೆರಗು ಬಾಯಿಗೆ ತುರುಕಿದರೂ ನಗು ತಪ್ಪಿಸಿಕೊಂಡಿತು. ಎಲ್ಲರಿಗಿಂತ ಜೋರು ನಗು ಒಳಗಿನದು. ನಗುತ್ತಲೇ ಸರಳುಗಳ ನಡುವಿನಿಂದ ಕೆಂಚವ್ವನ ಕೈ ಹೊರಬಂತು. ಹೂವು ಮುಟ್ಟಲು ನಾಲ್ಕು ಬೆರಳು ಕಡಿಮೆ ಬಿತ್ತು. ಬಿದ್ದಲ್ಲಿಂದಲೇ ಪರಶು ಟೊಂಗೆ ಬಗ್ಗಿಸಿ ಹಿಡಿದ.