ಬರಿಹೊಟ್ಟೆಯ ಬೆಕ್ಕು

ಪುಷ್ಯ ಮಾಸದ ಚಳಿ, ಬೆಳಗಿನ ಏಳರ ಹೊತ್ತು. ಬಾಳೂರಿನ ಮಂಜಯ್ಯನವರು ಕಣದ ಮೇಲಿನ ಟಾರ್ಪಾಲು ಎತ್ತಿದವರೇ ಕೂಗಿಕೊಂಡರು. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಕಾಫಿಬೀಜದ ನಡುವೆ ಬೆಕ್ಕು ಗುಂಡಿ ತೋಡಿ, ತನ್ನ ಕೆಲಸ ಮುಗಿಸಿ, ಅಚ್ಚುಕಟ್ಟಾಗಿ ಮುಚ್ಚಿಟ್ಟು ಹೋಗಿತ್ತು.

“ವಸಂತಾ, ಬಾ ಇಲ್ಲಿ! ನಿನ್ನ ಬೆಕ್ಕಿನ ಘನಕಾರ್ಯ ನೋಡು.”

“ನನ್ನ ಬೆಕ್ಕು ಅಂತ ಯಾರಂದ್ರು? ನಾನೇನು ಹೆತ್ತಿದ್ದಾ?” ವಸಂತಮ್ಮ ಒಲೆ ಮುಂದಿನಿಂದಲೇ ಅಂದರು.

ಅದು ಯಾರ ಬೆಕ್ಕೂ ಅಲ್ಲ. ಗೋಡೌನಿನ ಅಟ್ಟದಲ್ಲಿ ಹುಟ್ಟಿ ಬೆಳೆದ ಮೂರು ಬಣ್ಣದ ಕಾಡುಜೀವ. ಕರೆದರೆ ಬಾರದು, ಕೈಗೆ ಸಿಗದು. ಮರಿ ಹಾಕೋದಕ್ಕೆ ಮಾತ್ರ ಬೇಸರವಿಲ್ಲ. ಅರ್ಧ ಮರಿಗಳನ್ನು ಗಂಡುಬೆಕ್ಕು, ನಾಯಿಗಳು ಮುಗಿಸುತ್ತಿದ್ದವು. ಸತ್ತವನ್ನು ಕಾಫಿಗಿಡದ ಬುಡದಲ್ಲಿ ಹೂಳುವ ಕೆಲಸ ಪ್ರತಿಸಲವೂ ವಸಂತಮ್ಮನ ಪಾಲಿಗೆ.

“ಕಾಫಿ ವಾಸನೆ ಹಿಡಿದ್ರೆ ಯಾರು ತಗೋತಾರೆ? ಬರೋ ಭಾನುವಾರ ಬಾಲರಾಜನ ಬಾಡಿಗೆ ಜೀಪು ಬರತ್ತೆ. ಗೋಣೀಲಿ ಹಾಕಿ ಘಾಟಿ ಕೆಳಗೆ ಬಿಟ್ಟು ಬರ್ಲಿ” ಅಂದರು ಮಂಜಯ್ಯ.

ವಸಂತಮ್ಮನಿಗೆ ಹಳೆಯದು ನೆನಪಾಯಿತು. ಅತ್ತೆಯ ಕಾಲದಲ್ಲಿ ಹಾಗೆ ಬಿಟ್ಟ ಬೆಕ್ಕೊಂದು ಮಳೆಗಾಲವೆಲ್ಲ ನಡೆದು, ಎಲುಬಿನ ಗೂಡಾಗಿ ಬಂದು, ಬಚ್ಚಲ ಹಿಂದೆ ಸತ್ತಿತ್ತು. ಅದನ್ನು ಹೂತದ್ದೂ ಇವರೇ.

ಪಕ್ಕದ ಮನೆಯ ಕುಸುಮಾ ದಾರಿ ಹೇಳಿದಳು. ಆ ವಾರ ಕಳಸದಲ್ಲಿ ಬೆಕ್ಕುಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡುವ ಕ್ಯಾಂಪು, ಬುಧವಾರ ಮತ್ತು ಶುಕ್ರವಾರ. ವಸಂತಮ್ಮ ಮುಂಚೆಯೇ ಅಲ್ಲಿಗೆ ಹೋಗಿ ಬೋನು ತಂದರು. ಕ್ಯಾಂಪಿನ ಡಾಕ್ಟರ್ ಸುಪ್ರಿಯಾ ಒಂದೇ ಮಾತು ಹೇಳಿದ್ದರು: “ಹಿಂದಿನ ರಾತ್ರಿಯಿಂದ ಏನೂ ತಿನ್ನಿಸ್ಬೇಡಿ ಅಮ್ಮಾ.”

ಮಂಗಳವಾರ ಮಧ್ಯಾಹ್ನ ಒಣಸಿಗಡಿಯ ವಾಸನೆಗೆ ಬೆಕ್ಕು ಬೋನಿಗೆ ಬಿತ್ತು. ಬುಧವಾರ ಕಳಸದ ತಿರುವುಗಳಲ್ಲಿ ಬಸ್ಸು ಕುಲುಕುತ್ತಿದ್ದಂತೆ ಬೆಕ್ಕಿನ ಹೊಟ್ಟೆಯಲ್ಲಿದ್ದದ್ದೆಲ್ಲ ಬೋನಿನೊಳಗೇ ಹೊರಗೆ ಬಂತು.

“ತಿನ್ನಿಸಿದೀರಲ್ಲಮ್ಮ” ಅಂದರು ಡಾಕ್ಟರ್.

“ದೇವರಾಣೆ ಇಲ್ಲ!”

“ಇದೇನು ಹಾಗಾದ್ರೆ, ಬಂಗುಡೆ ಅಲ್ವಾ? ಮಂಪರಲ್ಲಿ ಹೀಗೆ ವಾಂತಿಯಾಗಿ ಉಸಿರಿಗೆ ಸಿಕ್ಕಿದ್ರೆ ಸತ್ತೇಹೋಗತ್ತೆ. ಶುಕ್ರವಾರ ಬನ್ನಿ. ಅದು ತಪ್ಪಿದ್ರೆ ನಾನಿರಲ್ಲ.”

ಮನೆಗೆ ಬಂದ ವಸಂತಮ್ಮ ಬೋನನ್ನು ಜಗಲಿಯ ಮೇಲೆ ಕುಕ್ಕಿದರು. “ಯಾರು ಕೊಟ್ಟದ್ದು ಬಂಗುಡೆ?”

ಮಂಜಯ್ಯ ಎಲೆಯಡಿಕೆ ಹಾಕುವುದರಲ್ಲಿ ಮುಳುಗಿಹೋದರು. ಆಮೇಲೆ ಅಂದರು, “ಬೆಳಿಗ್ಗೆ, ನಾಲ್ಕೇ ತುಂಡು.”

“ನೀವಾ!”

“ಆಸ್ಪತ್ರೆಗೆ ಹೊರಟ ಜೀವಾನ ಬರಿಹೊಟ್ಟೇಲಿ ಕಳಿಸೋದಾ? ನಮ್ಮನೇಲಿ ಆ ಪದ್ಧತಿ ಇಲ್ಲ.”

“ಅಲ್ರೀ, ಅದನ್ನ ಘಾಟಿ ಕೆಳಗೆ ಬಿಡೋಕೆ ಹೊರಟೋರು ನೀವೇ ಅಲ್ವಾ?”

“ಅದು ಭಾನುವಾರದ ಮಾತು. ಬುಧವಾರ ಯಾಕೆ ಉಪವಾಸ ಇರ್ಬೇಕು?”

ಬೇಲಿಯಾಚೆಯಿಂದ ಕುಸುಮಾ ತಲೆ ಹಾಕಿದಳು. “ನಾನೂ ಒಂದ್ ಲೋಟ ಹಾಲು ಇಟ್ಟಿದ್ದೆ ಅಕ್ಕಾ. ಹಾಲು ಊಟ ಅಲ್ವಲ್ಲ.”

ಇವರಿಗೆಲ್ಲ ಬುದ್ಧಿ ಹೇಳುವುದಕ್ಕಿಂತ ಆ ಬೆಕ್ಕಿಗೇ ಹೇಳುವುದು ಸುಲಭ ಅನ್ನಿಸಿತು ವಸಂತಮ್ಮನಿಗೆ. ಗುರುವಾರ ಸಂಜೆ ಬೋನನ್ನು ಬಚ್ಚಲುಮನೆಗೆ ಸೇರಿಸಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಕೂಗ್ತಿದೆ ಕಣೇ” ಅಂದರು ಮಂಜಯ್ಯ ಬಾಗಿಲ ಹತ್ತಿರ ನಿಂತು.

“ಕೂಗ್ಲಿ.”

“ನೀರಾದ್ರೂ…”

“ನೀರಿದೆ. ಹೋಗಿ ಊಟ ಮಾಡಿ.”

ಅವರು ಅನ್ನ ಕಲಸಿ, ಎರಡು ತುತ್ತು ತಿಂದು ಎದ್ದುಬಿಟ್ಟರು. “ಬಾಯಿಲ್ಲದ ಜೀವ ಹಸಿದಿರೋವಾಗ ಗಂಟಲಲ್ಲಿ ಇಳಿಯತ್ತಾ?” ಅಂತ ಗೊಣಗಿದ್ದು ಬೇರೆ. ಅದಕ್ಕೆ ಬಾಯಿಲ್ಲವೆಂದು ಯಾರು ಹೇಳಿದರೋ. ಬೆಳಗಿನವರೆಗೂ ಅದು ಬಾಯಿ ಮುಚ್ಚಲಿಲ್ಲ.

ಶುಕ್ರವಾರ ಆಪರೇಷನ್ ಆಯಿತು. ಅಲ್ಲಿಗಾದರೂ ಮುಗಿಯಿತೇ? ಸಂಜೆ ಬೋನಿನೊಳಗೆ ಇಣುಕಿದ ಮಂಜಯ್ಯ ಹೌಹಾರಿದರು. “ಹೊಟ್ಟೆ ಕುಯ್ಯೋಕೆ ಕಳಿಸಿದ್ರೆ ಕಿವೀನೂ ಕತ್ತರಿಸಿದಾರಲ್ಲ! ನೀನೆಂತ ನೋಡ್ತಾ ನಿಂತಿದ್ದೆ?”

“ತುದಿ ಮಾತ್ರ. ಆಪರೇಷನ್ ಆದ ಗುರುತು. ಇನ್ಯಾರೋ ಹಿಡಿದು ಮತ್ತೆ ಹೊಟ್ಟೆ ಕುಯ್ಯಬಾರ್ದಲ್ಲ.”

“ಒಂದು ಮಾತು ಕೇಳ್ಬೇಕಿತ್ತು.”

“ಯಾರನ್ನ? ನಿಮ್ಮನ್ನಾ, ಬೆಕ್ಕನ್ನಾ?”

ಭಾನುವಾರ ಬಾಲರಾಜ್ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ. “ಎಲ್ಲಿ ಮಂಜಣ್ಣ, ಬೆಕ್ಕು?”

ವಸಂತಮ್ಮ ಅಡಿಗೆಮನೆಯಲ್ಲಿ ಸೌಟು ಹಿಡಿದವರು ಹಾಗೇ ನಿಂತರು.

ಮಂಜಯ್ಯ ಬೋನಿನ ಪಕ್ಕದಿಂದ ಏಳಲಿಲ್ಲ. “ಹೊಲಿಗೆ ಒಣಗಿಲ್ಲ ಮಾರಾಯ. ಘಾಟೀಲಿ ಕುಲುಕಿದ್ರೆ ಬಿಚ್ಚತ್ತೆ.”

“ಹಾಗಾದ್ರೆ ಮುಂದಿನ ವಾರ ಬರ್ಲಾ?”

“ಎಂತಕ್ಕೆ? ಇನ್ನು ಮರಿ ಹಾಕಲ್ಲ ಇದು. ಒಂದು ಬೆಕ್ಕು ತಿನ್ನೋದೆಷ್ಟು? ಕಣದ ಸುತ್ತ ಬಲೆ ಕಟ್ತೀನಿ, ಬಿಡು.”

“ಇದನ್ನ ಫೋನಲ್ಲೇ ಹೇಳ್ಬಾರ್ದಿತ್ತಾ?”

“ಹಾಗೆ ಕೇಳು ಬಾಲರಾಜಾ!” ಒಳಗಿನಿಂದ ವಸಂತಮ್ಮ ಕೂಗಿದರು. “ನನಗಾದ್ರೂ ಹೇಳ್ಬಾರ್ದಿತ್ತಾ ಅಂತ ಕೇಳು!”

ಮಂಜಯ್ಯ ಬೋನಿನೊಳಗಿನ ಬಟ್ಟಲಿಗೆ ನೀರು ತುಂಬತೊಡಗಿದರು. ಹೊಲಿಗೆ ಬಿಚ್ಚಿದರೆ ಮತ್ತೆ ಹಾಕಲು ಡಾಕ್ಟರಮ್ಮನೂ ಇರಲಿಲ್ಲ; ಕ್ಯಾಂಪು ಮುಗಿಸಿ ಶನಿವಾರವೇ ಚಿಕ್ಕಮಗಳೂರಿಗೆ ಹೊರಟುಹೋಗಿದ್ದರು. ಬಾಲರಾಜ್ ಊಟದ ಹೊತ್ತಿಗೂ ಮುಂಚೆಯೇ, ಬೈದುಕೊಳ್ಳುತ್ತ, ಖಾಲಿ ಜೀಪು ತಿರುಗಿಸಿಕೊಂಡು ಹೋದ.