ಮೊದಲು ಪರದೆ, ಆಮೇಲೆ ಬೆಳಕು

ಶ್ಯಾರನ್‌ಗೂ ಉಮಾಶ್ರೀಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಸಪ್ತಾಪುರದ ಆ ಹೈಸ್ಕೂಲಿನಲ್ಲಿ ಇದು ಗೋಡೆಗಳಿಗೂ ಗೊತ್ತಿತ್ತು. ಇಬ್ಬರೂ ಹತ್ತನೆಯ ತರಗತಿ. ಉಮಾಶ್ರೀ ಶಾಲೆಯ ನಾಟಕದಲ್ಲಿ ರಾಣಿ. ಶ್ಯಾರನ್ ರಂಗದ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು ಬೆಳಕಿನ ಬೋರ್ಡು ನಡೆಸುವವಳು.

"ಏ ವಾಯರಮನ್, ನನ್ನ ಮಾರಿ ಮ್ಯಾಲೆ ಬೆಳಕ ಬೀಳವಲ್ದು" ಎಂದು ಉಮಾಶ್ರೀ ಎಲ್ಲರೆದುರು ಹಂಗಿಸುವಳು.

"ಹೇಳಿದ ಜಾಗಾದಾಗ ನಿಂದ್ರು, ಬೀಳ್ತೈತಿ."

ಆ ಬೋರ್ಡು ಎಂದರೆ ಶ್ಯಾರನ್‌ಗೆ ಜೀವ. ಹುಡುಗಿಯರನ್ನೆಲ್ಲ ಬಣ್ಣ-ಬಟ್ಟೆಗೆ ಹಚ್ಚಿದಾಗ ಇವಳೊಬ್ಬಳು ಹಟ ಹಿಡಿದು ಆ ಸ್ಟೂಲು ಗಿಟ್ಟಿಸಿದ್ದಳು. ನಾಟಕ ಕಲಿಸುವ ನೀಲಕಂಠಪ್ಪ ಸರ್ ಮೊದಲ ದಿನವೇ ಹೇಳಿದ್ದರು: "ಮೊದಲು ಪರದೆ, ಆಮ್ಯಾಲೆ ಬೆಳಕು. ಪರದೆ ಏಳೂತನಾ ಒಂದು ದೀಪಾನೂ ಹಚ್ಚಬಾರದು. ಮತ್ತ ನೀರು ಕಂಡ್ರ ಮೇನ್ ಸ್ವಿಚ್ ಇಳಸು, ನನ್ನನ್ನೂ ಕೇಳಬ್ಯಾಡ." ರಂಗದ ಅಂಚಿಗೆ ನೆಲದ ಮೇಲಿಡುವ ದೀಪಗಳ ವಾಯರು ಹಳೆಯದು, ಟೇಪು ಸುತ್ತಿ ಸುತ್ತಿ ದಪ್ಪಗಾಗಿತ್ತು. ತಾಲೀಮಿನಲ್ಲಿ ಒಮ್ಮೆ ಅವಳ ಕೈಗೆ ಜುಮ್ಮೆಂದು ಹೊಡೆದಿತ್ತು ಕೂಡ. ಸರ್‌ಗೆ ಹೇಳಿದರೆ, "ಫಂಕ್ಷನ್ ಮುಗೀಲಿ, ನೋಡೂಣು" ಅಂದಿದ್ದರು.

ವಾರ್ಷಿಕೋತ್ಸವದ ಸಂಜೆ ನಡೆಯಬಾರದ್ದು ನಡೆಯಿತು. ಉಮಾಶ್ರೀಯ ಅಜ್ಜಿ ಹರೆಯದಲ್ಲಿ ಕಂಪನಿ ನಾಟಕದಲ್ಲಿ ಪಾತ್ರ ಮಾಡಿದವಳು. ರಂಗ ತೊಳೆಯದೆ ಬಣ್ಣದವರು ಕಾಲಿಡಬಾರದು ಎಂಬುದು ಆಕೆಯ ಕಟ್ಟಪ್ಪಣೆ. ಮೊಮ್ಮಗಳು ರಾಣಿಯ ವೇಷದಲ್ಲಿ, ಬರಿಗಾಲಲ್ಲಿ ಬಂದು, ರಂಗದ ಅಂಚಿಗೆ ಒಂದು ಕೊಡ ನೀರು ಸುರಿದು, ರಂಗೋಲಿ ಎಳೆದು ಅಡ್ಡಬಿದ್ದಳು. ನೀರು ಹರಿದು ವಾಯರಿನ ಕೆಳಗೆ ಮಡುಗಟ್ಟಿತು. ಶ್ಯಾರನ್ ಮೇನ್ ಇಳಿಸಿ ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು.

ಮುಖ್ಯ ಅತಿಥಿ ಮುಂದಿನ ಸಾಲಿನಲ್ಲಿ ಆಕಳಿಸುತ್ತಿದ್ದರು. ಸರ್ ಓಡಿ ಬಂದರು. "ಅರಿವಿಲೆ ಒರಸಿ ಚಾಲೂ ಮಾಡು."

"ವಾಯರು ಒಣಗೂತನಾ ಇಲ್ರಿ ಸರ್."

"ನಮ್ಮ ಪೂಜಿ ಕಂಡ್ರ ಅಕಿಗೆ ಆಗಂಗಿಲ್ರಿ" ಅಂದಳು ಉಮಾಶ್ರೀ. "ಚರ್ಚಿಗೆ ಹೋಗಾಕಿ ಅಲ್ರಿ."

ಎಂಥ ಮಾತು! ಅದನ್ನು ತಪ್ಪು ಎಂದವರು ಅಲ್ಲಿ ಒಬ್ಬರೂ ಇಲ್ಲ. ಸರ್ ಕೂಡ ಗಡಿಯಾರ ನೋಡಿಕೊಂಡರು. ಶ್ಯಾರನ್‌ಗೆ ಮೈಯೆಲ್ಲ ಉರಿದುಹೋಯಿತು. ಮೇನ್ ಹಾಕಿಬಿಡಲೇ? ಬರಿಗಾಲಲ್ಲಿ ನಿಂತಿದ್ದಾಳೆ ತಾನೇ, ಅನುಭವಿಸಲಿ. ಕೈ ಸ್ವಿಚ್ಚಿನ ಮೇಲೆ ಹೋಗಿಯೇಬಿಟ್ಟಿತು. ಆಮೇಲೆ ತನ್ನ ಕೈಗೆ ತಾನೇ ಹೆದರಿ ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಒರೆಸಿ, ಗಾಳಿ ಹಾಕಿ, ನೆಲ ಒಣಗಿಸಿ, ನಾಟಕ ತಡವಾಗಿ ಶುರುವಾಯಿತು. ಛಲೋ ಆಯಿತು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದಿದ್ದರೆ, ಆಗುತ್ತಿತ್ತು ಎಂದು ನಂಬುವವರು ಯಾರು? ಉಮಾಶ್ರೀಗೆ ಚಪ್ಪಾಳೆ, ಶ್ಯಾರನ್‌ಗೆ ಬೈಗುಳ. ಮುಂದಿನ ತಾಲೀಮಿನಲ್ಲಿ ಸ್ಟೂಲಿನ ಮೇಲೆ ಅದೇ ತರಗತಿಯ ನೇಥನ್ ಕೂತಿದ್ದ. ಶ್ಯಾರನ್‌ಗೆ ಸಿಕ್ಕಿದ್ದು ಪರದೆಯ ಹಗ್ಗ.

"ಹಗ್ಗಾ ಜಗ್ಗಾಕ ತಲಿ ಬೇಕಾಗಿಲ್ಲ" ಅಂದರು ಸರ್.

ನಾಟಕ ಹುಬ್ಬಳ್ಳಿಯ ಸ್ಪರ್ಧೆಗೆ ಆಯ್ಕೆಯಾಯಿತು. ಬಸ್ಸು ಹತ್ತುವಾಗಲೇ ಸರ್ ಬೆರಳು ತೋರಿಸಿದರು. "ಇವತ್ತ ತಕರಾರು ತಗದಿ ಅಂದ್ರ ನಾಟಕದಾಗ ಮತ್ತ ನಿನ್ನ ಹೆಸರಿಲ್ಲ." ಅಮರಗೋಳ ದಾಟುವ ತನಕ ಅವಳು ಕಿಟಕಿಗೆ ಮುಖ ಹಚ್ಚಿ ಅತ್ತಳು. ಬಾಯಿ ಮುಚ್ಚಿಕೊಂಡಿದ್ದರೆ ಮುಂದೆ ಎಂದಾದರೂ ಬೋರ್ಡು ಮರಳಿ ಸಿಕ್ಕೀತು ಎಂಬ ಆಸೆ ಇನ್ನೂ ಇತ್ತಲ್ಲ, ಅದೇ ಸಂಕಟ.

ಹುಬ್ಬಳ್ಳಿಯಲ್ಲೂ ಶಾಲೆಯಿಂದ ತಂದ ಅದೇ ದೀಪ, ಅದೇ ಟೇಪು ಸುತ್ತಿದ ವಾಯರು. ಪರದೆಯ ಹಿಂದೆ ಉಮಾಶ್ರೀ ತುಂಬಿದ ಕೊಡ ಹೊತ್ತು ತಂದಳು. ಶ್ಯಾರನ್‌ಳನ್ನೇ ನೋಡುತ್ತ, ಮನಸ್ಸು ತುಂಬಿದ ಖುಷಿಯಿಂದ, ಪೂರ್ತಿ ಸುರಿದಳು. ನೇಥನ್ ನೀರು ನೋಡಿದ, ಸರ್ ಮುಖ ನೋಡಿದ, ಬೋರ್ಡಿನತ್ತ ತಿರುಗಿದ.

ಮೂರನೆಯ ಗಂಟೆ ಹೊಡೆಯಿತು. "ಪರದೆ" ಅಂದರು ಸರ್.

ಶ್ಯಾರನ್ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಗೂಟಕ್ಕೆ ಕಟ್ಟಿದ ಅದರ ಗಂಟಿನ ಮೇಲೆ ಕೂತುಬಿಟ್ಟಳು.

"ಬಿಡು ಹಗ್ಗಾ. ಮಂದಿ ಕುಂತಾರ."

"ಮೊದಲು ಪರದೆ, ಆಮ್ಯಾಲೆ ಬೆಳಕು. ನೀವ ಹೇಳೀರಿ ಸರ್. ಪರದೆ ಏಳಂಗಿಲ್ರಿ."

ಸರ್ ಜಗ್ಗಿದರು. ಹಗ್ಗ ಅವಳ ಚರ್ಮ ಸುಲಿಯಿತು, ಅವಳು ಏಳಲಿಲ್ಲ. "ಇಲ್ಲಿಗೆ ಮುಗೀತು ನಿಂದು" ಅಂದರು. ಮುಗಿಯಿತು ಎಂದು ಅವಳಿಗೂ ಗೊತ್ತಿತ್ತು.

ಉಮಾಶ್ರೀ ನೀರಿನಲ್ಲಿ ನಿಂತೇ ಹಲ್ಲು ಕಡಿದಳು. "ನನ್ನ ಕಂಡ್ರ ಅಷ್ಟು ಹೊಟ್ಟಿಕಿಚ್ಚೇನ ನಿನಗ?"

"ನಿನ್ನ ಕಂಡ್ರ ನನಗ ಆಗಂಗಿಲ್ಲ, ಖರೇ. ನಿನ್ನ ಮಾರಿ ನೋಡಾಕೂ ಮನಸಿಲ್ಲ" ಅಂದಳು ಶ್ಯಾರನ್. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ನೀರಾಗಿಂದ ಹೊರಗ ನಿಂದ್ರು."

ನೇಥನ್ ಸ್ಟೂಲಿನಿಂದ ಇಳಿದು ಮೇನ್ ಇಳಿಸಿದ. ಉಮಾಶ್ರೀ ತಗ್ಗಿ ತನ್ನ ಪಾದ ನೋಡಿಕೊಂಡಳು. ಬಾಯಲ್ಲಿ ಬೈಯುತ್ತಲೇ, ಒಂದು ಹೆಜ್ಜೆ ಹಿಂದಕ್ಕೆ ಸರಿದಳು.